ವಯಸ್ಸು ಮತ್ತು ಬಸುರು: ತಪಾಸಣೆಯ ಮೇಜಿನ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗಿಂತ ಮೊದಲು ಒಂದು ಮೇಜು ಸಿಗುತ್ತದೆ. ಬಿ.ಪಿ. ನೋಡುವುದು, ತೂಕ ಬರೆಯುವುದು, ತಾಯಿ ಕಾರ್ಡ್ ತುಂಬುವುದು ಎಲ್ಲ ಅಲ್ಲೇ. ಒಳಗೆ ಕೇಳಲು ಸಂಕೋಚಪಟ್ಟ ಪ್ರಶ್ನೆಗಳು ಹೊರಬರುವುದೂ ಅಲ್ಲೇ. ಮಂಗಳೂರು, ಉಡುಪಿ ಕಡೆಯ ಹೆಂಗಸರು, ಅವರ ಗಂಡಂದಿರು, ಜೊತೆಗೆ ಬಂದ ಅತ್ತೆಯಂದಿರು ವಯಸ್ಸಿನ ಬಗ್ಗೆ ನನ್ನಂತಹ ನರ್ಸುಗಳನ್ನು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮಾತ್ರೆಯ ಹೆಸರು ಬಂದ ಕಡೆಯಲ್ಲೆಲ್ಲ ನಿಮ್ಮ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

## ಮೊದಲ ಭೇಟಿಯಲ್ಲಿ

ಬಸುರಿಗೆ ಸರಿಯಾದ ವಯಸ್ಸು ಯಾವುದು ಸಿಸ್ಟರ್?

ದೇಹದ ಲೆಕ್ಕ ಮಾತ್ರ ಹಿಡಿದರೆ ಇಪ್ಪತ್ತು ತುಂಬಿದ ಮೇಲಿನಿಂದ ಮೂವತ್ತರ ಆರಂಭದ ವರ್ಷಗಳವರೆಗೆ ತೊಂದರೆ ಅತಿ ಕಡಿಮೆ. ಆದರೆ ಓದು, ಬೆಂಗಳೂರಿನ ಕೆಲಸ, ತಂಗಿಯ ಮದುವೆ, ಮನೆಸಾಲ ಎಲ್ಲವೂ ಅದೇ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದು ಕೂರುತ್ತವೆ. ವಯಸ್ಸು ದಾಟಿತೆಂದು ಕೊರಗುವವರು ಒಂದು ಮಾತು ತಿಳಿದಿರಬೇಕು: ತೊಂದರೆಯ ಸಾಧ್ಯತೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಏರುತ್ತದೆ, ಮೂವತ್ತೈದರ ನಂತರ ಏರಿಕೆ ಚುರುಕಾಗುತ್ತದೆ, ನಲವತ್ತು ದಾಟಿದ ಮೇಲೆ ಇನ್ನೂ ಚುರುಕು. ಯಾವ ಹುಟ್ಟುಹಬ್ಬದ ಮರುದಿನವೂ ಒಮ್ಮೆಲೇ ಎಲ್ಲ ಕೆಡುವುದಿಲ್ಲ.

ವಯಸ್ಸು 35 ಎಂದ ಕೂಡಲೇ ಕಾರ್ಡಿನ ಮೇಲೆ 'ಹೈ ರಿಸ್ಕ್' ಎಂದು ಬರೆದರು. ನನಗೆ ಏನಾಗಿದೆ?

ಏನೂ ಆಗಿಲ್ಲ. ಆ ಬರಹ ನಿಮ್ಮ ಬಗ್ಗೆ ಕೊಟ್ಟ ತೀರ್ಪಲ್ಲ, ನಮ್ಮ ಕೆಲಸದ ಬಗ್ಗೆ ಬರೆದುಕೊಂಡ ಸೂಚನೆ. ಕಾರ್ಡ್ ಕೈಗೆ ತೆಗೆದುಕೊಂಡ ಆಶಾ ಕಾರ್ಯಕರ್ತೆ, ನರ್ಸ್, ರಾತ್ರಿ ಪಾಳಿಯ ಡಾಕ್ಟರ್ ಯಾರೇ ಆದರೂ ಇವರ ಬಿ.ಪಿ., ಸಕ್ಕರೆ, ಸ್ಕ್ಯಾನಿಂಗ್ ತಪ್ಪಬಾರದು ಎಂದು ಒಂದೇ ನೋಟಕ್ಕೆ ತಿಳಿಯಲಿ ಎಂಬುದು ಅದರ ಉದ್ದೇಶ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮುಂದಿನ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುವುದೂ ಇದೇ ಕಾರಣಕ್ಕೆ.

ಇನ್ನು 35 ಎಂಬ ಅಂಕಿ ಎಲ್ಲಿಂದ ಬಂತು? 1970ರ ದಶಕದಲ್ಲಿ ಮಗುವಿನ ವರ್ಣತಂತು (ಕ್ರೋಮೋಸೋಮ್, ಅಂದರೆ ತಳಿಗುಣ ಹೊತ್ತ ಎಳೆ) ನೋಡಲು ಗರ್ಭನೀರು ತೆಗೆಯುವುದೊಂದೇ ದಾರಿಯಂತಿತ್ತು, ಆ ಪರೀಕ್ಷೆಯಿಂದಲೇ ಕೆಲವೊಮ್ಮೆ ಗರ್ಭ ಹೋಗುತ್ತಿತ್ತು. ಪರೀಕ್ಷೆಯಿಂದ ಗರ್ಭ ಹೋಗುವ ಸಾಧ್ಯತೆ ಮತ್ತು ಪರೀಕ್ಷೆಯಲ್ಲಿ ದೋಷ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಸಮವಾಗುತ್ತಿದ್ದುದು 35ರ ಆಸುಪಾಸಿನಲ್ಲಿ. ಹಾಗಾಗಿ ಅಲ್ಲಿ ಗೆರೆ ಎಳೆದರು. ಪರೀಕ್ಷೆಗಳು ಬದಲಾದವು, ಗೆರೆ ಉಳಿಯಿತು.

ನನ್ನ ಅಜ್ಜಿ 43ರಲ್ಲಿ ಹತ್ತನೆಯದನ್ನು ಮನೆಯಲ್ಲೇ ಹೆತ್ತರು. ಈಗ ಮಾತ್ರ ಯಾಕೆ ಇಷ್ಟು ಟೆಸ್ಟ್?

ಅತ್ತೆಯಂದಿರ ಮೆಚ್ಚಿನ ಪ್ರಶ್ನೆ ಇದು. ಅಜ್ಜಿ ಗಟ್ಟಿಗಿತ್ತಿಯೇ ಇರಬಹುದು, ಆದರೆ ಬದುಕಿ ಉಳಿದವರ ಕಥೆ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಹೆರಿಗೆಯಲ್ಲೇ ತೀರಿಕೊಂಡ ದೊಡ್ಡಮ್ಮ, ಹೆಸರಿಡುವ ಮೊದಲೇ ಹೋದ ಎರಡು ಮಕ್ಕಳು ಲೆಕ್ಕಕ್ಕೆ ಬರುವುದು ಯಾರಾದರೂ ಕೆದಕಿ ಕೇಳಿದಾಗ.

ಇನ್ನೊಂದು ಮಾತು: 43ರಲ್ಲಿ ಹತ್ತನೆಯದಕ್ಕೂ 43ರಲ್ಲಿ ಮೊದಲನೆಯದಕ್ಕೂ ಹೋಲಿಕೆ ಇಲ್ಲ. ಬಸುರಿನಲ್ಲಿ ಬಿ.ಪಿ. ಏರುವ ಕಾಯಿಲೆ ಮೊದಲ ಬಸುರಿಗೇ ಹೆಚ್ಚು ಕಾಡುತ್ತದೆ. ಮೊದಲ ಹೆರಿಗೆಯ ನೋವೂ ಉದ್ದ. ಹತ್ತು ಹೆತ್ತವರ ಅಪಾಯ ಬೇರೆ: ರಕ್ತಹೀನತೆ, ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯುವುದು.

ನನಗೆ ಈಗ 18. ಚಿಕ್ಕವಳಾದರೆ ಹೆರಿಗೆ ಸುಲಭ ಅಲ್ಲವೇ?

ಅಲ್ಲ. ಹದಿಹರೆಯದ ತಾಯಂದಿರಲ್ಲಿ ರಕ್ತಹೀನತೆ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಬಿ.ಪಿ. ಏರಿ ಫಿಟ್ಸ್ ಬರುವುದು ಎಲ್ಲ ಹೆಚ್ಚು. ನಿಮ್ಮ ದೇಹವೇ ಇನ್ನೂ ಬೆಳೆಯುತ್ತಿರುವಾಗ ಇದ್ದ ಕಬ್ಬಿಣ, ಸುಣ್ಣದ ಅಂಶಕ್ಕೆ ಇಬ್ಬರು ಪಾಲುದಾರರು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಇಳಿಯಬಾರದು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಎರಡರ ನಡುವೆ ಕೆಲವು ಗಂಟೆ ಅಂತರವಿರಲಿ. ಹದಿನೆಂಟು ತುಂಬದವರ ಬಸುರಾದರೆ ಪೋಕ್ಸೊ ಕಾಯ್ದೆಯಂತೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ತಪಾಸಣೆಯನ್ನೇ ತಪ್ಪಿಸಿದರೆ ಜೀವಕ್ಕೆ ಅಪಾಯ. ಚಿಕಿತ್ಸೆ ಯಾರೂ ನಿರಾಕರಿಸುವುದಿಲ್ಲ.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆನ್ನುತ್ತಾರೆ. ಆಮೇಲೆ ಬಂದರೆ ಆಗದೇ?

ನೆಂಟರಿಗೆ ಹೇಳಬೇಡಿ, ಪಕ್ಕದ ಮನೆಯವರಿಗೆ ಹೇಳಬೇಡಿ, ದೇವಸ್ಥಾನದ ಭಟ್ಟರಿಗೂ ಬೇಡ. ನಮಗೆ ಮಾತ್ರ ಹೇಳಿ. ಈ ಒಂದು ಪದ್ಧತಿಯಿಂದ ಕೈತಪ್ಪುವ ಪರೀಕ್ಷೆಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕಾರಣ ಕೇಳಿ. ಮಗುವಿನ ಕತ್ತಿನ ಹಿಂಭಾಗದ ದ್ರವ ಅಳೆಯುವ ಎನ್.ಟಿ. ಸ್ಕ್ಯಾನ್ ಆಗಬೇಕಾದದ್ದು 11 ವಾರದಿಂದ 13 ವಾರ 6 ದಿನದ ಒಳಗೆ. ಡಬಲ್ ಮಾರ್ಕರ್ ರಕ್ತಪರೀಕ್ಷೆಯೂ ಅದೇ ಹೊತ್ತಿಗೆ; ಮಗುವಿನ ವರ್ಣತಂತುವಿನಲ್ಲಿ ದೋಷವಿರುವ ಸಾಧ್ಯತೆ ಎಷ್ಟೆಂದು ಅಂದಾಜಿಸುವುದು ಇವೆರಡರಿಂದ. ಬಸುರಿನಲ್ಲಿ ಬಿ.ಪಿ. ಏರದಂತೆ ತಡೆಯುವ ಮಾತ್ರೆ ಬೇಕಾದವರಿಗೆ ಅದು ಶುರುವಾಗಬೇಕಾದದ್ದು 12ನೇ ವಾರದ ಸುಮಾರಿಗೆ. ಮೂರು ತಿಂಗಳು ತುಂಬಲಿ ಎಂದು ಕಾದು, ಒಳ್ಳೆಯ ದಿನ ನೋಡಿ, ಮುಂದಿನ ಸೋಮವಾರ ಬಂದರೆ ಅಷ್ಟರಲ್ಲಿ 14 ವಾರ ದಾಟಿರುತ್ತದೆ. ವಾರದ ಲೆಕ್ಕವಾದರೂ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನೀವು 'ಎರಡೂವರೆ ತಿಂಗಳು' ಎನ್ನುವಾಗ ನಮ್ಮ ಲೆಕ್ಕದಲ್ಲಿ ಆಗಲೇ ಮೂರಾಗಿರಬಹುದು. ವಯಸ್ಸು 35 ದಾಟಿದ್ದರೆ ಮುಟ್ಟು ತಪ್ಪಿದ ಒಂದೆರಡು ವಾರದಲ್ಲೇ ಬನ್ನಿ.

## ಗರ್ಭ ನಿಲ್ಲುವ ಮೊದಲು

ನನಗೆ 36. ಮದುವೆಯಾಗಿ ಎಂಟು ತಿಂಗಳು. ಒಂದು ವರ್ಷ ನೋಡಿ ಎನ್ನುತ್ತಾರಲ್ಲ?

ಒಂದು ವರ್ಷದ ಮಾತು 35ರ ಒಳಗಿನವರಿಗೆ. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ ತಜ್ಞರನ್ನು ಕಾಣಬೇಕು. 40 ದಾಟಿದವರು ಕಾಯುವುದೇ ಬೇಡ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ಕಾರಣ ಗಂಡಿನ ಕಡೆಯಲ್ಲೂ ಇರುತ್ತದೆ, ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭದ್ದು. ಹೆಂಡತಿಗೆ ನೋವಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕೊನೆಗೆ ಗಂಡನ ಸರದಿ ಬರುವುದು ಯಾವ ನ್ಯಾಯ?

ನಮ್ಮವರು ದುಬೈಯಲ್ಲಿ. ಮದುವೆಯಾಗಿ ನಾಲ್ಕು ವರ್ಷ, ಮಗುವಿಲ್ಲ. ವಯಸ್ಸಿನದೇ ತೊಂದರೆಯಾ?

ಇರಲಾರದು. ನೀವು ಎಣಿಸಬೇಕಾದದ್ದು ವರ್ಷಗಳನ್ನಲ್ಲ, ಇಬ್ಬರೂ ಒಂದೇ ಮನೆಯಲ್ಲಿದ್ದ ತಿಂಗಳುಗಳನ್ನು. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ ಎಂದರೆ ನಾಲ್ಕು ವರ್ಷಕ್ಕೆ ನಾಲ್ಕೇ ಅವಕಾಶ. ಅದರಲ್ಲೂ ಮುಟ್ಟಿನ ದಿನ, ಅಂಡ ಬಿಡುಗಡೆಯ ದಿನ, ಅಣ್ಣನ ಮನೆಯ ಗೃಹಪ್ರವೇಶ ಎಲ್ಲ ಒಟ್ಟಿಗೆ ಬಂದರೆ ಮುಗಿಯಿತು. ಹೊರಬಂದ ಅಂಡ ಬದುಕುವುದು ಒಂದು ದಿನದೊಳಗೆ. ವೀರ್ಯಾಣು ಐದು ದಿನದವರೆಗೆ ಇರಬಲ್ಲದು. ಹಾಗಾಗಿ ಅಂಡ ಬಿಡುಗಡೆಯ ಹಿಂದಿನ ಐದು ದಿನ ಮತ್ತು ಆ ದಿನವೇ ಮುಖ್ಯ.

ಟಿಕೆಟ್ ಮಾಡಿಸುವ ಮೊದಲು ಮುಟ್ಟಿನ ದಿನ ಲೆಕ್ಕ ಹಾಕಿ. ಮುಟ್ಟು 28 ದಿನಕ್ಕೊಮ್ಮೆ ಬರುವವರಿಗೆ 14ನೇ ದಿನದ ಸುಮಾರಿಗೆ ಅಂಡ ಬಿಡುಗಡೆಯಾಗುತ್ತದೆ. ನಿಮ್ಮ ಥೈರಾಯ್ಡ್, ಸಕ್ಕರೆ, ಸ್ಕ್ಯಾನಿಂಗ್ ಅವರು ಬರುವ ಮೊದಲೇ ಮುಗಿದಿರಲಿ, ಅವರ ಪರೀಕ್ಷೆ ರಜೆಯ ಮೊದಲ ವಾರದಲ್ಲೇ ಆಗಲಿ. ವಯಸ್ಸು 35ರ ಮೇಲಿದ್ದರೆ ಇನ್ನೊಂದು ರಜೆಗೆ ಮುಂದೂಡುವ ಬದಲು, ನೀವೇ ಕೆಲವು ತಿಂಗಳು ಅಲ್ಲಿಗೆ ಹೋಗಿರಲು ಸಾಧ್ಯವೇ ಎಂದು ಮನೆಯಲ್ಲಿ ಮಾತಾಡಿ.

ಎ.ಎಂ.ಎಚ್. ಕಡಿಮೆ ಬಂದಿದೆ. ನನಗೆ ಮಗುವಾಗುವುದಿಲ್ಲವೇ?

ಆ ರಕ್ತಪರೀಕ್ಷೆ ಉಳಿದಿರುವ ಅಂಡಗಳು ಹೆಚ್ಚೋ ಕಡಿಮೆಯೋ ಎಂದು ಅಂದಾಜು ಹೇಳುತ್ತದೆ. ಅವುಗಳ ಗುಣ ಹೇಳುವುದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳಿರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ, 37ರ ಸುಮಾರಿಗೆ ಇಪ್ಪತ್ತೈದು ಸಾವಿರ. ಗರ್ಭಕ್ಕೆ ಬೇಕಾದದ್ದು ಒಂದು. 29ರಲ್ಲಿ ಎ.ಎಂ.ಎಚ್. ಕಡಿಮೆ ಇದ್ದವರಿಗೆ ಸಹಜವಾಗಿಯೇ ಗರ್ಭ ನಿಲ್ಲಬಹುದು. 42ರಲ್ಲಿ ಚೆನ್ನಾಗಿದೆ ಎಂದರೂ ಅಂಡದ ವಯಸ್ಸು 42ರದ್ದೇ.

ಅಂಡ ಫ್ರೀಜ್ ಮಾಡಿಸಿಟ್ಟರೆ ವಯಸ್ಸಿನ ಚಿಂತೆ ತೀರಿತಲ್ಲ?

ಅರ್ಧ ತೀರಿತು. 32ರಲ್ಲಿ ತೆಗೆದಿಟ್ಟ ಅಂಡದ ವರ್ಣತಂತುಗಳಿಗೆ ಯಾವಾಗ ಬಳಸಿದರೂ 32ರ ಲೆಕ್ಕವೇ. ಆದರೆ 42ರಲ್ಲಿ ಹೊರುವ ಗರ್ಭಕೋಶ, ಹೃದಯ, ರಕ್ತನಾಳ ಎಲ್ಲ 42ರದ್ದು; ಬಿ.ಪಿ., ಸಕ್ಕರೆಯ ಅಪಾಯ ಹಾಗೆಯೇ ಉಳಿಯುತ್ತದೆ. ಇಟ್ಟ ಅಂಡಗಳೆಲ್ಲ ಮಗುವಾಗುವುದೂ ಇಲ್ಲ. ಮಾಡಿಸುವುದಾದರೆ 35ರ ಒಳಗೆ ಮಾಡಿಸಿ.

ಗಂಡಸಿಗೆ ವಯಸ್ಸಿನ ಹಂಗಿಲ್ಲ ಎನ್ನುತ್ತಾರೆ, ನಿಜವೇ?

ಗಂಡಸರೇ ಹೇಳಿದ ಮಾತಿರಬೇಕು. ವೀರ್ಯಾಣು ಜೀವನವಿಡೀ ಹೊಸದಾಗಿ ತಯಾರಾಗುತ್ತಲೇ ಇರುತ್ತದೆ, ಪ್ರತಿ ನಕಲಿನಲ್ಲೂ ಸಣ್ಣ ತಪ್ಪುಗಳು ಸೇರುತ್ತವೆ. ತಂದೆಯ ವಯಸ್ಸು ನಲವತ್ತು ದಾಟಿದಂತೆ ಮಗುವಿನಲ್ಲಿ ಆಟಿಸಂ, ಸ್ಕಿಜೋಫ್ರೀನಿಯಾ, ಕುಳ್ಳತನದ ಒಂದು ಬಗೆಯ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಪ್ರಮಾಣ ಇನ್ನೂ ಚಿಕ್ಕದೇ. ಹೆದರುವಂತಹದ್ದಲ್ಲ, ಆದರೆ ಸೊನ್ನೆಯೂ ಅಲ್ಲ.

ವಯಸ್ಸು ಇಳಿಸಲಾಗದು. ನಾನು ಇಳಿಸಬಹುದಾದದ್ದು ಏನಾದರೂ ಇದೆಯೇ?

ಇದನ್ನು ಕೇಳಿದವರನ್ನು ಕೂರಿಸಿ ಮಾತಾಡಿಸಬೇಕೆನಿಸುತ್ತದೆ. ಫೋಲಿಕ್ ಆಮ್ಲದ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲು ಶುರುವಾಗಬೇಕು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಮುಟ್ಟು ತಪ್ಪಿತೆಂದು ಗೊತ್ತಾಗಿ ಮಾತ್ರೆ ತರಿಸುವಷ್ಟರಲ್ಲಿ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಬಿ.ಪಿ., ಸಕ್ಕರೆ, ಥೈರಾಯ್ಡ್ ಮೊದಲೇ ನೋಡಿಸಿ ಹತೋಟಿಗೆ ತಂದುಕೊಳ್ಳಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬಸುರಿಗೆ ಹೊಂದುವ ಮಾತ್ರೆಗೆ ಬದಲಿಸಿಕೊಳ್ಳಬೇಕಾದೀತು. ತೂಕ ಹೆಚ್ಚಿದ್ದರೆ ಕೆಲವು ಕಿಲೋ ಇಳಿದರೂ ಲಾಭ.

ಮನೆಯಲ್ಲಿ ಬೀಡಿ ಕಟ್ಟುವವರು ಇದನ್ನು ಕೇಳಲೇಬೇಕು: ಹೊಗೆ ಎಳೆಯದಿದ್ದರೂ ತಂಬಾಕಿನ ಪುಡಿ ಚರ್ಮದಿಂದ, ಉಸಿರಿನಿಂದ ಒಳಗೆ ಹೋಗುತ್ತದೆ. ಬಸುರಿನಲ್ಲಿ ಬೀಡಿಯ ಮೊರವನ್ನು ಬೇರೆಯವರ ಮಡಿಲಿಗೆ ದಾಟಿಸಿ. ಮೀನು ಬಿಡಬೇಕಾಗಿಲ್ಲ. ಬಂಗುಡೆ, ಬೂತಾಯಿ ತಿನ್ನಿ. ಶಾರ್ಕ್‌ನಂತಹ ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಹೆಚ್ಚು, ಅದು ಬೇಡ.

## ತಾಯಿಯ ದೇಹ

ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಆ ಗ್ಲೂಕೋಸ್ ನೀರು ಕುಡಿಯಲೇಬೇಕೇ?

ಕುಡಿಯಲೇಬೇಕು. ಬಸುರಿನಲ್ಲಿ ಮಾಸು ಬಿಡುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ವಯಸ್ಸಾದಂತೆ ಅದನ್ನು ಸರಿದೂಗಿಸುವ ಶಕ್ತಿ ಕಡಿಮೆ. ಭಾರತೀಯರಿಗೆ ಈ ತೊಂದರೆ ಮೊದಲೇ ಹೆಚ್ಚು. ಹಾಗಾಗಿ ನಮ್ಮಲ್ಲಿ ವಯಸ್ಸು ನೋಡದೆ ಎಲ್ಲರಿಗೂ ಮಾಡುತ್ತೇವೆ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆ ಬಿಟ್ಟು ರಕ್ತ ಕೊಡುವುದು. ಸಕ್ಕರೆ 140 ಅಥವಾ ಹೆಚ್ಚಿದ್ದರೆ ಬಸುರಿನ ಮಧುಮೇಹ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ.

ಕುಚ್ಚಲಕ್ಕಿ ತಿಂದರೆ ಶುಗರ್ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಬಿಳಿಯ ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ವಾಸಿ ಇರಬಹುದು, ಆದರೆ ಬಟ್ಟಲು ತುಂಬ ಗಂಜಿ ಉಂಡರೆ ಅದೂ ಅಕ್ಕಿಯೇ. ಅನ್ನ ಇಳಿಸಿ, ಪಲ್ಯ ಮತ್ತು ಮೀನು ಅಥವಾ ಹೆಸರುಕಾಳು ಏರಿಸಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಅದನ್ನು ಹೆಚ್ಚಿನವರು ಮರೆಯುತ್ತಾರೆ. ಅದೇ ಹೊತ್ತಿಗೆ ಮನೆಯಲ್ಲಿ ಬೆಲ್ಲ, ತುಪ್ಪ ಹಾಕಿದ ಬಾಣಂತಿ ಲೇಹ್ಯದ ಡಬ್ಬ ಖಾಲಿಯಾಗುತ್ತಿರುತ್ತದೆ.

ಬಿ.ಪಿ. 142/92 ಬಂತು. ಮೆಟ್ಟಿಲು ಹತ್ತಿದ್ದಕ್ಕೆ ಇರಬಹುದಲ್ಲ?

ಇರಬಹುದು. ಸಿಟಿ ಬಸ್ಸಿನಿಂದ ಇಳಿದು, ಬಿಸಿಲಲ್ಲಿ ನಡೆದು, ಮೆಟ್ಟಿಲು ಹತ್ತಿ ಬಂದವರ ತೋಳಿಗೆ ನಾನು ಕೂಡಲೇ ಪಟ್ಟಿ ಸುತ್ತುವುದಿಲ್ಲ. ಬೆನ್ನು ಕುರ್ಚಿಗೆ ತಾಗಿರಬೇಕು, ಕಾಲ ಮೇಲೆ ಕಾಲು ಇರಬಾರದು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮಾತು ನಿಲ್ಲಬೇಕು. ಐದು ನಿಮಿಷದ ನಂತರದ ಅಂಕಿಯನ್ನೇ ಕಾರ್ಡಿಗೆ ಬರೆಯುವುದು. ನಾಲ್ಕು ಗಂಟೆ ಅಂತರದ ಎರಡು ಅಳತೆಯಲ್ಲೂ 140/90 ಅಥವಾ ಹೆಚ್ಚಿದ್ದರೆ ಅದು ಮೆಟ್ಟಿಲಿನದ್ದಲ್ಲ.

20 ವಾರದ ನಂತರ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದೋ ಲಿವರ್, ಕಿಡ್ನಿಗೆ ತೊಂದರೆಯಾಗುವುದೋ ಕಂಡರೆ ಅದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ನಲವತ್ತು ದಾಟಿದವರಿಗೆ, ಅದರಲ್ಲೂ ಮೊದಲ ಬಸುರಿಗೆ, ಸಾಧ್ಯತೆ ಹೆಚ್ಚು. ಉಪ್ಪು ಬಿಟ್ಟು ಸಪ್ಪೆ ಉಂಡರೆ ಇದು ತಪ್ಪುವುದಿಲ್ಲ. ಮೂಲ ತೊಂದರೆ ಇರುವುದು ಮಾಸಿನ ರಕ್ತನಾಳಗಳಲ್ಲಿ. ಕಾಲು ಊದುವುದು ಎಲ್ಲರಿಗೂ ಉಂಟು. ಬೆಳಗ್ಗೆ ಎದ್ದಾಗಲೇ ಮುಖ ಊದಿದ್ದರೆ, ನಿನ್ನೆ ಸಡಿಲವಿದ್ದ ಉಂಗುರ ಇಂದು ಸಿಕ್ಕಿಕೊಂಡರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಬಂದರೆ ಮರುದಿನದವರೆಗೆ ಕಾಯಬೇಡಿ.

ನನಗೆ ಆಸ್ಪಿರಿನ್ ಬರೆದಿದ್ದಾರೆ. ಅದು ಹೃದಯದ ಮಾತ್ರೆಯಲ್ಲವೇ?

ಅದೇ ಮಾತ್ರೆ, ಕಡಿಮೆ ಪ್ರಮಾಣದಲ್ಲಿ, ಬೇರೆ ಕೆಲಸಕ್ಕೆ. ಪ್ರಿ-ಎಕ್ಲಾಂಪ್ಸಿಯಾದ ಸಾಧ್ಯತೆ ಹೆಚ್ಚಿರುವವರಿಗೆ 75ರಿಂದ 150 ಮಿಲಿಗ್ರಾಂ ಆಸ್ಪಿರಿನನ್ನು 12ನೇ ವಾರದ ಸುಮಾರಿಗೆ, 16 ವಾರಕ್ಕೆ ಮೊದಲು ಶುರು ಮಾಡಿದರೆ ಅಪಾಯ ಇಳಿಯುತ್ತದೆ. ವಯಸ್ಸೊಂದೇ ಇದ್ದರೆ ಎಲ್ಲರಿಗೂ ಕೊಡುವುದಿಲ್ಲ; ಜೊತೆಗೆ ಮೊದಲ ಬಸುರು, ಹೆಚ್ಚು ತೂಕ, ಅವಳಿ, ತಾಯಿಗೋ ಅಕ್ಕನಿಗೋ ಇದೇ ತೊಂದರೆ ಇತ್ತೇ ಎಂದೆಲ್ಲ ನೋಡಿ ವೈದ್ಯರು ನಿರ್ಧರಿಸುತ್ತಾರೆ. ನಾದಿನಿಗೆ ಕೊಟ್ಟರು, ನನಗೆ ಕೊಡಲಿಲ್ಲ ಎಂಬ ದೂರು ಬೇಡ.

35 ದಾಟಿದರೆ ಸಿಸೇರಿಯನ್ ಖಂಡಿತವಂತೆ?

ಖಂಡಿತವಲ್ಲ. ಸಾಧ್ಯತೆ ಹೆಚ್ಚು ಎಂಬುದು ನಿಜ. ನೋವು ನಿಧಾನವಾಗುವುದು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂರುವುದು, ಬಿ.ಪಿ., ದೊಡ್ಡ ಮಗು ಎಂಬ ಕಾರಣಗಳಿವೆ. ಇವೆಲ್ಲ ದೇಹದ ಕಾರಣಗಳು. 'ಬಹಳ ಕಾಲಕ್ಕೆ ನಿಂತ ಬಸುರು, ಸುಮ್ಮನೆ ಕೊಯ್ದುಬಿಡಿ' ಎಂಬ ಮನೆಯವರ ಒತ್ತಾಯವೂ ಇರುತ್ತದೆ, ಕೆಲವೆಡೆ ವೈದ್ಯರ ಅವಸರವೂ. ಕಾರಣವೇನೆಂದು ಕೇಳುವ ಹಕ್ಕು ನಿಮಗಿದೆ. 'ನಿಮ್ಮ ವಯಸ್ಸು' ಎಂಬುದಷ್ಟೇ ಉತ್ತರವಾದರೆ ಇನ್ನೊಮ್ಮೆ ಕೇಳಿ.

ಬಯಕೆ (ಸೀಮಂತ) ಮುಗಿಸಿ ಏಳನೇ ತಿಂಗಳಲ್ಲಿ ತವರಿಗೆ ಹೋಗಬಹುದೇ?

ತವರು ಎಲ್ಲಿ ಎಂಬುದರ ಮೇಲಿದೆ. ಬಿ.ಪಿ.ಯೋ ಶುಗರೋ ಇರುವ 39ರ ಬಸುರಿ ಮಂಗಳೂರಿನಿಂದ ಬೈಂದೂರಿನ ಒಳಗಿನ ಹಳ್ಳಿಗೆ ಹೋದರೆ, ರಾತ್ರಿ ತಲೆನೋವು ಬಂದಾಗ ಮಣಿಪಾಲ ತಲುಪಲು ಒಂದು ಗಂಟೆಗೂ ಹೆಚ್ಚು ಬೇಕು. ಮಳೆಗಾಲದ ಹೆದ್ದಾರಿಯಲ್ಲಿ ಇನ್ನೂ ಹೆಚ್ಚು. ಹೋಗುವುದಾದರೆ ಅಲ್ಲಿ ಹೆರಿಗೆ ಮಾಡಿಸುವ ವೈದ್ಯರನ್ನು ಮೊದಲೇ ಕಂಡು, ತಾಯಿ ಕಾರ್ಡ್, ರಕ್ತದ ಗುಂಪು, ಎಲ್ಲ ಸ್ಕ್ಯಾನಿಂಗ್ ವರದಿ ಒಂದೇ ಫೈಲಿನಲ್ಲಿಟ್ಟು ಹೋಗಿ. ವರದಿಗಳು ಗಂಡನ ಮನೆಯ ಕಪಾಟಿನಲ್ಲಿ, ಬಸುರಿ ಇಲ್ಲಿ ಎಂಬ ಸ್ಥಿತಿ ಲೇಬರ್ ರೂಮಿನಲ್ಲಿ ಯಾರಿಗೂ ಬೇಡ.

## ಮಗುವಿನ ಬಗ್ಗೆ

ನನ್ನ ವಯಸ್ಸಿಗೆ ಡೌನ್ ಸಿಂಡ್ರೋಮ್ ಸಾಧ್ಯತೆ ಎಷ್ಟು? ಅಂಕಿಯಲ್ಲೇ ಹೇಳಿ.

ಡೌನ್ ಸಿಂಡ್ರೋಮ್ ಎಂದರೆ ಒಂದು ವರ್ಣತಂತು ಹೆಚ್ಚಾಗಿ ಬಂದು ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಸ್ಥಿತಿ. ಹೆರಿಗೆಯ ಹೊತ್ತಿಗೆ ತಾಯಿಗೆ 25 ಆಗಿದ್ದರೆ ಸುಮಾರು 1,250ಕ್ಕೆ ಒಂದು. 30ಕ್ಕೆ ಸುಮಾರು 900ರಿಂದ 1,000ಕ್ಕೆ ಒಂದು. 35ಕ್ಕೆ 350ಕ್ಕೆ ಒಂದು. 40ಕ್ಕೆ 100ಕ್ಕೆ ಒಂದು. 45ಕ್ಕೆ 30ಕ್ಕೆ ಒಂದು. 'ಹತ್ತು ಪಟ್ಟು ಹೆಚ್ಚು' ಎಂದು ಯಾರೋ ಹೇಳಿದ್ದನ್ನು ಕೇಳಿ ನಿದ್ದೆಗೆಟ್ಟವರು ಅದೇ ಅಂಕಿಯನ್ನು ತಿರುಗಿಸಿ ಓದಬೇಕು: 40ರ ನೂರು ತಾಯಂದಿರಲ್ಲಿ 99 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಹಾಗೆಂದು ಚಿಕ್ಕ ವಯಸ್ಸಿನವರು ಪರೀಕ್ಷೆ ಬಿಡುವಂತಿಲ್ಲ. ಹೆರುವವರಲ್ಲಿ ಅವರೇ ಹೆಚ್ಚಾದ್ದರಿಂದ ಒಟ್ಟು ಲೆಕ್ಕದಲ್ಲಿ ಇಂತಹ ಹೆಚ್ಚಿನ ಮಕ್ಕಳು ಹುಟ್ಟುವುದು 35ರೊಳಗಿನ ತಾಯಂದಿರಿಗೆ.

ತಾಯಿಯ ವಯಸ್ಸಿಗೂ ಮಗುವಿನ ವರ್ಣತಂತುವಿಗೂ ಏನು ಸಂಬಂಧ?

ನಿಮ್ಮ ಅಂಡಗಳು ತಯಾರಾದದ್ದು ನೀವು ನಿಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗ. ಆಗಲೇ ಅವು ವಿಭಜನೆ ಶುರು ಮಾಡಿ, ನಡುವೆ ನಿಂತುಬಿಡುತ್ತವೆ. ಉಳಿದ ಕೆಲಸ ನಡೆಯುವುದು ಆ ಅಂಡ ಹೊರಬರುವ ತಿಂಗಳಲ್ಲಿ, ಅಂದರೆ ಇಪ್ಪತ್ತೋ ನಲವತ್ತೋ ವರ್ಷದ ನಂತರ. ಅಷ್ಟೂ ಕಾಲ ವರ್ಣತಂತುಗಳ ಜೋಡಿಯನ್ನು ಒಂದು ಪ್ರೋಟೀನ್ ಹಿಡಿದಿಟ್ಟಿರುತ್ತದೆ, ಅದು ಮತ್ತೆ ಹೊಸದಾಗಿ ತುಂಬಿಕೊಳ್ಳುವುದಿಲ್ಲ. ಶಂಕರಪುರ ಮಲ್ಲಿಗೆಯ ಚೆಂಡನ್ನು ಹಿಡಿದಿರುವ ಬಾಳೆನಾರು ಒಣಗಿದಾಗ ಹೂವು ಸಡಿಲವಾಗುವಂತೆ, ಆ ಹಿಡಿತ ಸಡಿಲವಾಗಿ ಹಂಚಿಕೆ ತಪ್ಪುತ್ತದೆ. ಅಂಡಕ್ಕೆ 21ನೇ ವರ್ಣತಂತು ಒಂದರ ಬದಲು ಎರಡು ಬಂದರೆ, ತಂದೆಯದ್ದು ಸೇರಿ ಮೂರಾಗುತ್ತದೆ. ಅದೇ ಡೌನ್ ಸಿಂಡ್ರೋಮ್. ನೀವು ತಿಂದದ್ದು, ನೋಡಿದ ಗ್ರಹಣ, ಎತ್ತಿದ ಕೊಡಪಾನ ಯಾವುದೂ ಇದಕ್ಕೆ ಕಾರಣವಲ್ಲ.

ಡಬಲ್ ಮಾರ್ಕರ್ ವರದಿಯಲ್ಲಿ ಕೆಂಪು ಅಕ್ಷರದಲ್ಲಿ ಬಂದಿದೆ. ಮಗುವಿಗೆ ದೋಷ ಇದೆಯೇ?

ಇದೆ ಎಂದು ಆ ವರದಿ ಹೇಳುವುದಿಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಹೇಳುತ್ತದೆ. ಲೆಕ್ಕದೊಳಗೆ ನಿಮ್ಮ ವಯಸ್ಸೂ ಸೇರಿದೆ. ಸಾಮಾನ್ಯವಾಗಿ 250ಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಕೆಂಪು. 40ರ ತಾಯಿ 100ಕ್ಕೆ ಒಂದರಿಂದಲೇ ಶುರು ಮಾಡುವುದರಿಂದ, ರಕ್ತ ಮತ್ತು ಸ್ಕ್ಯಾನಿಂಗ್ ಎರಡೂ ಚೆನ್ನಾಗಿದ್ದರೆ ಮಾತ್ರ ಹಸಿರಿಗೆ ಇಳಿಯುತ್ತಾರೆ. ಎನ್.ಟಿ. ಸ್ಕ್ಯಾನಿಂಗ್ ಜೊತೆ ಮಾಡಿದರೆ ಈ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ಹತ್ತರಲ್ಲಿ ಎಂಟೊಂಬತ್ತನ್ನು ಹಿಡಿಯುತ್ತದೆ, ತೊಂದರೆಯಿಲ್ಲದ ನೂರರಲ್ಲಿ ಸುಮಾರು ಐವರನ್ನೂ ಸುಮ್ಮನೆ ಹೆದರಿಸುತ್ತದೆ. ವರದಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ವೈದ್ಯರಿಗೆ ತೋರಿಸಿ.

ಎನ್.ಐ.ಪಿ.ಟಿ. ಮಾಡಿಸಿದರೆ 99 ಶೇಕಡಾ ಗ್ಯಾರಂಟಿಯಂತೆ?

ಇದು ಸ್ವಲ್ಪ ಗಮನವಿಟ್ಟು ಓದಬೇಕಾದ ಉತ್ತರ. 10ನೇ ವಾರದ ನಂತರ ತಾಯಿಯ ರಕ್ತದಲ್ಲಿ ತೇಲುವ ಮಾಸಿನ ಡಿ.ಎನ್.ಎ. ನೋಡುವ ಪರೀಕ್ಷೆ ಇದು. ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ 99ನ್ನು ಹಿಡಿಯುತ್ತದೆ ಎಂಬುದು ನಿಜ. ಆದರೆ 'ಇದೆ' ಎಂದು ಬಂದ ವರದಿಗಳಲ್ಲಿ ಎಷ್ಟು ನಿಜ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ತಾಯಿಯ ವಯಸ್ಸಿನ ಮೇಲೆ ನಿಂತಿದೆ. 25ರ ತಾಯಿಯಲ್ಲಿ ತೊಂದರೆಯೇ ಅಪರೂಪವಾದ್ದರಿಂದ, 'ಇದೆ' ಎಂಬ ವರದಿಗಳಲ್ಲಿ ಸುಮಾರು ಅರ್ಧದಷ್ಟು ಸುಳ್ಳು ಗಾಬರಿ. 40ರ ತಾಯಿಯಲ್ಲಿ ಹತ್ತರಲ್ಲಿ ಒಂಬತ್ತು ನಿಜ. ಯಾವ ವಯಸ್ಸಿನವರೇ ಆಗಲಿ, ಇದೊಂದೇ ವರದಿ ಹಿಡಿದು ಗರ್ಭ ತೆಗೆಸುವ ತೀರ್ಮಾನಕ್ಕೆ ಬರಬಾರದು. ಇದು ದುಬಾರಿಯೂ ಹೌದು, ಮತ್ತು 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನಿಂಗ್‌ಗೆ ಬದಲಿಯಲ್ಲ; ಹೃದಯದ ತೂತು, ಬೆನ್ನುಹುರಿಯ ತೊಂದರೆ ಇದರಲ್ಲಿ ಕಾಣುವುದಿಲ್ಲ.

ಗರ್ಭನೀರು ತೆಗೆದರೆ ಮಗು ಹೋಗುತ್ತದೆಯೇ? ಹೋಗಲಿ, ಗಂಡೋ ಹೆಣ್ಣೋ ಆದರೂ ತಿಳಿಯುತ್ತದಲ್ಲ?

15 ವಾರದ ನಂತರ ಸ್ಕ್ಯಾನಿಂಗ್ ನೋಡುತ್ತಲೇ ತೆಳು ಸೂಜಿಯಿಂದ ನಾಲ್ಕು ಚಮಚದಷ್ಟು ನೀರು ತೆಗೆಯುತ್ತಾರೆ. ಅನುಭವಿಗಳ ಕೈಯಲ್ಲಿ ಗರ್ಭ ಹೋಗುವ ಸಾಧ್ಯತೆ ಸಾವಿರಕ್ಕೆ ಒಂದರಿಂದ ಐದು. ಎರಡನೇ ಪ್ರಶ್ನೆಗೆ ಉತ್ತರ: ತಿಳಿಸುವುದು ಅಪರಾಧ, ಕೇಳುವುದೂ ಅಪರಾಧ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇಂತಹ ಪರೀಕ್ಷೆಗೆ ಅನುಮತಿಸುವ ಕಾರಣಗಳಲ್ಲಿ ತಾಯಿಯ ವಯಸ್ಸು 35 ದಾಟಿರುವುದೂ ಒಂದು. ಲಿಂಗ ತಿಳಿಯುವುದು ಆ ಪಟ್ಟಿಯಲ್ಲಿಲ್ಲ. ದೋಷ ಖಚಿತವಾದರೆ ಮುಂದುವರಿಸುವುದೋ ಬಿಡುವುದೋ ನಿಮ್ಮ ನಿರ್ಧಾರ. ಗರ್ಭಪಾತದ ಕಾಯ್ದೆಗೆ ಆದ 2021ರ ತಿದ್ದುಪಡಿಯಂತೆ 24 ವಾರ ದಾಟಿದ ಮೇಲೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ, ಆದ್ದರಿಂದ ಪರೀಕ್ಷೆಗಳನ್ನು ಎಳೆಯುತ್ತಾ ಹೋಗಬೇಡಿ.

38ರಲ್ಲಿ ಎರಡು ಸಲ ಗರ್ಭ ಹೋಯಿತು. ನಾನು ಏನು ತಪ್ಪು ಮಾಡಿದೆ?

ಏನೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚಿನವು ವರ್ಣತಂತು ಏರುಪೇರಾದ ಭ್ರೂಣಗಳು. ಇಪ್ಪತ್ತೈದರಿಂದ ಮೂವತ್ತರೊಳಗೆ ಹತ್ತರಲ್ಲಿ ಒಂದು ಗರ್ಭ ಹೋದರೆ, ನಲವತ್ತರ ಸುಮಾರಿಗೆ ಮೂರರಲ್ಲಿ ಒಂದು, 45ರ ಮೇಲೆ ಅರ್ಧದಷ್ಟು. ಸ್ಕೂಟರಿನಲ್ಲಿ ಹೋದದ್ದು, ಪಪ್ಪಾಯಿ ಹೋಳು ತಿಂದದ್ದು ಎಂದು ಮನೆಯಲ್ಲಿ ಹಳೆಯ ಲೆಕ್ಕ ತೆಗೆಯುವವರಿಗೆ ಈ ಸಾಲುಗಳನ್ನು ಓದಿ ಹೇಳಿ. ಎರಡು ಸಲ ಆದ್ದರಿಂದ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ತೊಂದರೆ, ಗರ್ಭಕೋಶದ ಆಕಾರ ನೋಡಿಸುವುದು ಒಳ್ಳೆಯದು.

ಸೋದರಮಾವನ ಮಗನನ್ನೇ ಮದುವೆಯಾಗಿದ್ದೇನೆ. ವಯಸ್ಸೂ ಸೇರಿ ಅಪಾಯ ಎರಡು ಪಟ್ಟೇ?

ಎರಡೂ ಬೇರೆ ದಾರಿಗಳು. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಲ್ಲೂ ಅಡಗಿದ ಒಂದೇ ದೋಷದ ಜೀನ್ ಮಗುವಿನಲ್ಲಿ ಸೇರುವ ಸಾಧ್ಯತೆ ಹೆಚ್ಚು; ಅದು 22ಕ್ಕೂ 38ಕ್ಕೂ ಒಂದೇ. ಎನ್.ಐ.ಪಿ.ಟಿ. ಅದನ್ನು ಹುಡುಕುವುದಿಲ್ಲ. ಕುಟುಂಬದಲ್ಲಿ ಕಿವುಡುತನ, ರಕ್ತದ ಕಾಯಿಲೆ, ಕಾರಣ ತಿಳಿಯದೆ ತೀರಿಕೊಂಡ ಶಿಶುಗಳಿದ್ದರೆ ತಳಿ ಸಲಹೆಗಾರರನ್ನು ಗರ್ಭಕ್ಕೆ ಮೊದಲೇ ಕಾಣಿ.

## ನಲವತ್ತರ ಆಚೆ

ಎಲ್ಲ ಚೆನ್ನಾಗಿದೆ, ಆದರೂ 39 ವಾರಕ್ಕೇ ನೋವು ಬರಿಸೋಣ ಎನ್ನುತ್ತಾರೆ. ಯಾಕೆ ಅವಸರ?

ದಿನ ತುಂಬುತ್ತಾ ಬಂದಂತೆ ಮಾಸು ಸೋಲುತ್ತದೆ, ನಲವತ್ತು ದಾಟಿದವರಲ್ಲಿ ಅದು ಸ್ವಲ್ಪ ಬೇಗ. 39–40 ವಾರದಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಾಧ್ಯತೆ 35ರೊಳಗಿನವರಲ್ಲಿ ಸಾವಿರಕ್ಕೆ ಒಂದಾದರೆ, 40 ದಾಟಿದವರಲ್ಲಿ ಸಾವಿರಕ್ಕೆ ಎರಡು. ಚಿಕ್ಕ ಅಂಕಿಯೇ. ಆದರೆ 39 ವಾರಕ್ಕೆ ಮಗು ಬಲಿತಿರುತ್ತದೆ, ಕಾಯುವುದರಿಂದ ಸಿಗುವ ಲಾಭ ಕಡಿಮೆ. ಒಳ್ಳೆಯ ನಕ್ಷತ್ರಕ್ಕಾಗಿ ಎರಡು ದಿನ ಹಿಂದೆ ಮುಂದೆ ಮಾಡಿ ಎನ್ನುವವರು ಈ ಲೆಕ್ಕವನ್ನೂ ನೋಡಲಿ. ಮಗುವಿನ ಓಡಾಟ ಎಂದಿಗಿಂತ ಕಡಿಮೆ ಎನಿಸಿದರೆ, ಅದು ರಾತ್ರಿ ಎರಡು ಗಂಟೆಯೇ ಆಗಿರಲಿ, ಹೊರಟು ಬನ್ನಿ.

ದಾನಿಯ ಅಂಡದಿಂದ ಗರ್ಭ ಪಡೆದರೆ ನನ್ನ ವಯಸ್ಸು ಲೆಕ್ಕಕ್ಕಿಲ್ಲವೇ?

ವರ್ಣತಂತುವಿನ ಲೆಕ್ಕಕ್ಕೆ ದಾನಿಯ ವಯಸ್ಸು, ನಮ್ಮಲ್ಲಿ ಕಾನೂನಿನಂತೆ 23ರಿಂದ 35. ದೇಹದ ಲೆಕ್ಕಕ್ಕೆ ನಿಮ್ಮದೇ ವಯಸ್ಸು. ಅಷ್ಟೇ ಅಲ್ಲ, ದಾನಿಯ ಅಂಡದ ಬಸುರಿನಲ್ಲಿ ಬಿ.ಪಿ. ಏರುವ ತೊಂದರೆ ಸ್ವಂತ ಅಂಡದ ಬಸುರಿಗಿಂತ ಹೆಚ್ಚು. ಮನೆಯವರಿಂದ ಮುಚ್ಚಿಟ್ಟರೂ ಹೆರಿಗೆ ನೋಡುವ ವೈದ್ಯರಿಗೆ ಇದನ್ನು ಹೇಳಲೇಬೇಕು. ಡಬಲ್ ಮಾರ್ಕರ್ ಲೆಕ್ಕವೂ ದಾನಿಯ ವಯಸ್ಸಿನಿಂದಲೇ ಮಾಡಬೇಕಾಗುತ್ತದೆ. ಕೃತಕ ಗರ್ಭಧಾರಣೆಯ ಚಿಕಿತ್ಸೆ ಕುರಿತ 2021ರ ಕಾಯ್ದೆಯಂತೆ ಇಂತಹ ಚಿಕಿತ್ಸೆ ಮಹಿಳೆಗೆ 50 ವರ್ಷದವರೆಗೆ ಮಾತ್ರ.

39ಕ್ಕೆ ಮೊದಲ ಸಿಸೇರಿಯನ್. ವಯಸ್ಸು ಹೋಗುತ್ತಿದೆ, ಎರಡನೆಯದಕ್ಕೆ ಯಾವಾಗ?

ಆರು ತಿಂಗಳೊಳಗೆ ಖಂಡಿತ ಬೇಡ. ಹೊಲಿಗೆ ಹಾಕಿದ ಗರ್ಭಕೋಶ ಗಟ್ಟಿಯಾಗಬೇಕು, ಹಿಮೋಗ್ಲೋಬಿನ್ ಮರಳಬೇಕು. ಸಾಮಾನ್ಯರಿಗೆ ಎರಡು ವರ್ಷ ಬಿಡಿ ಎನ್ನುತ್ತೇವೆ. ನಿಮ್ಮ ವಯಸ್ಸಿನಲ್ಲಿ ಒಂದು ವರ್ಷದಿಂದ ಒಂದೂವರೆ ವರ್ಷ ಬಿಟ್ಟು ಪ್ರಯತ್ನಿಸುವುದು ಎರಡೂ ಕಡೆಯ ನಷ್ಟ ತೂಗಿದ ಮಧ್ಯದ ದಾರಿ.

ನನಗೆ 47. ಮುಟ್ಟು ನಿಂತಿತೆಂದುಕೊಂಡೆ, ಈಗ ನಾಲ್ಕು ತಿಂಗಳು ಎನ್ನುತ್ತಾರೆ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಜನ ಏನೆಂದಾರು?

ಇದನ್ನು ಕೇಳುವವರು ಮುಖ ಎತ್ತದೆ, ಸೆರಗಿನ ತುದಿ ಸುತ್ತುತ್ತಾ ಕೇಳುತ್ತಾರೆ. ನಾಚಿಕೆಪಡುವಂತಹದ್ದು ಏನೂ ಇಲ್ಲ, ನಿಮ್ಮೊಬ್ಬರಿಗೇ ಆದದ್ದೂ ಅಲ್ಲ. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಅಂಡ ಆಗೊಮ್ಮೆ ಈಗೊಮ್ಮೆ ಬರುತ್ತಲೇ ಇರುತ್ತದೆ. ಮೊದಲು ಸ್ಕ್ಯಾನಿಂಗ್ ಮಾಡಿಸಿ ವಾರ ಖಚಿತಪಡಿಸಿಕೊಳ್ಳಿ. ಮುಂದುವರಿಸುವುದಾದರೆ ಬಿ.ಪಿ., ಸಕ್ಕರೆ, ಹೃದಯದ ತಪಾಸಣೆ ಅದೇ ವಾರ ಆಗಲಿ, ಹೆರಿಗೆಗೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯನ್ನೇ ಆರಿಸಿ. ಬೇಡವಾದರೆ 20 ವಾರದೊಳಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಕಾನೂನುಬದ್ಧವಾಗಿ ತೆಗೆಸಬಹುದು. ಸಹಿ ನಿಮ್ಮದೊಂದೇ ಸಾಕು, ಗಂಡನದ್ದು ಬೇಕಾಗಿಲ್ಲ. ಔಷಧಿ ಅಂಗಡಿಯಿಂದ ಮಾತ್ರೆ ತರಿಸಿ ನಾಲ್ಕನೇ ತಿಂಗಳಲ್ಲಿ ನೀವೇ ನುಂಗಬೇಡಿ, ರಕ್ತಸ್ರಾವ ನಿಲ್ಲದೇ ಹೋದೀತು. ಇದೇ ವಯಸ್ಸಿನ ಉಳಿದವರಿಗೆ: ಐವತ್ತರೊಳಗೆ ಮುಟ್ಟು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತು ದಾಟಿ ನಿಂತರೆ ಒಂದು ವರ್ಷ ಗರ್ಭನಿರೋಧಕ ಬಳಸುತ್ತಲೇ ಇರಬೇಕು.